ಹಜಾಮರ ಮಾರಯ್ಯ

ಮಾರಯ್ಯನನ್ನು ಸಮಾಜ ಸೇವಕ ಮಾಡಿಬಿಟ್ಟಿದ್ದರು.

ಇಂದಿರಾ ತನ್ನ ಮುತ್ತಾತನ ಬಗ್ಗೆ ಬರೆದು ಕೊಟ್ಟಿದ್ದು ಮೂರೇ ಸಾಲು. 'ಹಜಾಮರ ಮಾರಯ್ಯ. ಕಪಿಲಾ ದಂಡೆಯ ಅಗ್ರಹಾರದಲ್ಲಿ ಕ್ಷೌರದ ಕೆಲಸ. ಫೋಟೋ ಇಲ್ಲ.' ಊರಿನ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಬಂದಿದ್ದು ಬೇರೆ. 'ಶ್ರೀ ಮಾರಯ್ಯನವರು, ಸಮಾಜ ಸೇವಕರು.' ಫೋಟೋದ ಜಾಗದಲ್ಲಿ ಒಂದು ದೀಪದ ಚಿತ್ರ. ಕೆಳಗೆ ಹದಿನೇಳು ಜನ ಕೈಮುಗಿದಿದ್ದರು.

ಇಂದಿರಾ ಅದನ್ನು ನೋಡಿದ್ದು ಕಡಲಾಚೆಯ ಲೋವರ್ ಹಟ್‌ನ ವೃದ್ಧಾಶ್ರಮದ ಬಚ್ಚಲಿನಲ್ಲಿ. ಮಿಸೆಸ್ ಪಾರ್ಕರ್ ಎಂಬ ತೊಂಬತ್ತಾರರ ಮುದುಕಿಗೆ ಸ್ನಾನ ಮಾಡಿಸಿ, ಒರೆಸಿ, ಡೈಪರ್ ಹಾಕಿ, ಕೈಗವಸು ಕಳಚಿ ಫೋನು ತೆಗೆದಿದ್ದಳು. ಸೊಂಟ ಸಿಡಿಯುತ್ತಿತ್ತು. ಬೆಳಗಿನಿಂದ ಅದು ಆರನೇ ಮೈ. ಎತ್ತಬೇಕು, ಹೊರಳಿಸಬೇಕು, ತೊಳೆಯಬೇಕು. ಸಂಜೆಗೆ ಇನ್ನೂ ಐದು.

ನಂಜನಗೂಡಿನ ಬಸ್‌ಸ್ಟ್ಯಾಂಡ್ ಹಿಂದೆ ಎರಡು ಕುರ್ಚಿಯ ಸಲೂನು ಇಟ್ಟಿದ್ದವನ ಮಗಳು ಇಂದಿರಾ. ಮೈಸೂರಿನಲ್ಲಿ ನರ್ಸಿಂಗ್ ಓದಿದವಳು. ಈ ದೇಶಕ್ಕೆ ಬಂದ ಮೇಲೆ ನರ್ಸ್ ಅನ್ನಿಸಿಕೊಳ್ಳಲು ಇನ್ನೊಂದು ಇಂಗ್ಲಿಷ್ ಪರೀಕ್ಷೆ ಅಂದರು. ಎರಡು ಸಲ ಕೂತಳು, ಎರಡು ಸಲವೂ ಡುಮ್ಕಿ. ಆಮೇಲೆ ಮೈ ತೊಳೆಯುವ ಕೆಲಸದಲ್ಲೇ ಹನ್ನೊಂದು ವರ್ಷ ಕಳೆಯಿತು. ಈಗ ನಲವತ್ತೇಳು.

ಈ ಫೋಟೋದ ಗಲಾಟೆ ಶುರುವಾಗಿದ್ದು ಕಸ್ತೂರಿ ಬಳಗದಿಂದ. ಲೋವರ್ ಹಟ್ ಸುತ್ತಮುತ್ತಲ ಕನ್ನಡದವರ ಸಂಘ ಅದು. ವರ್ಷಕ್ಕೊಂದು ದೊಡ್ಡ ಸಂಜೆ ಮಾಡುತ್ತಾರೆ. ಈ ಸಲ ಅಧ್ಯಕ್ಷ ಬದರಿನಾಥರಿಗೆ ಒಂದು ಐಡಿಯಾ ಹೊಳೆಯಿತು: 'ನೂರು ವರ್ಷದ ಹಿಂದೆ.' ಸಭೆಯಲ್ಲಿ ಎದ್ದು ನಿಂತು ವಿವರಿಸಿದರು. "ಒಂದು ಯುದ್ಧ ಮುಗಿದಿತ್ತು, ಇನ್ನೊಂದು ಬಂದಿರ್ಲಿಲ್ಲ. ಎಂಥಾ ಕಾಲ ರೀ ಅದು! ಇಲ್ಲಿ ನೋಡಿದ್ರೆ ಮೋಟಾರು, ಸಿನಿಮಾ, ಡ್ಯಾನ್ಸು. ಅಲ್ಲಿ ನಮ್ಮ ಮೈಸೂರು ನೋಡಿದ್ರೆ ಬೀದಿಗೆಲ್ಲ ಕರೆಂಟು ದೀಪ, ಮನೇಲಿ ಗ್ರಾಮಫೋನು, ಹೆಣ್ಮಕ್ಳು ಕಾಲೇಜಿಗೆ. ಪ್ರತಿ ಫ್ಯಾಮಿಲೀನೂ ಆ ಕಾಲದ ತಮ್ಮ ಹಿರೀಕರ ಒಂದು ಫೋಟೋ ತನ್ನಿ. ಸ್ಟೇಜ್ ಮೇಲೆ ಬಂದು ಎರಡು ನಿಮಿಷ ಅವ್ರ ಬಗ್ಗೆ ಮಾತಾಡಿ. ಇಷ್ಟ ಇರೋ ಲೇಡೀಸು ಆ ಕಾಲದ ಫ್ಯಾಷನ್‌ನಲ್ಲಿ ಬನ್ನಿ."

ಜನ ಚಪ್ಪಾಳೆ ತಟ್ಟಿದರು. ಮಾರನೇ ದಿನದಿಂದ ಗುಂಪಿನಲ್ಲಿ ಫೋಟೋಗಳ ಸುರಿಮಳೆ. ಕೋಟು, ಪೇಟ, ಬೆಳ್ಳಿ ಹಿಡಿಯ ಕೋಲು. ಅಮಲ್ದಾರ ಮುತ್ತಾತ, ವಕೀಲ ಮುತ್ತಾತ, ವೀಣೆ ಹಿಡಿದ ಮುತ್ತಜ್ಜಿ. ಇಂದಿರಾ ಒಂದೊಂದನ್ನೂ ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಹೊಟ್ಟೆ ಉರಿಯಿತು. ಮುಚ್ಚುಮರೆ ಯಾಕೆ? ಧಗಧಗ ಉರಿಯಿತು. ದುಡ್ಡಿಗೆ ಅವಳು ಹೊಟ್ಟೆಕಿಚ್ಚು ಪಟ್ಟವಳಲ್ಲ. ಇವರ ಬೆಟ್ಟದ ಮೇಲಿನ ಬಂಗಲೆಗಳಿಗೂ ಪಟ್ಟವಳಲ್ಲ. ಆದರೆ ಇವರಿಗೆ ಮುಖ ಇರುವ ಹಿರಿಯರಿದ್ದಾರಲ್ಲ, ಅದನ್ನು ಮಾತ್ರ ಅವಳಿಗೆ ಸಹಿಸಲಾಗಲಿಲ್ಲ. ಮಾರಯ್ಯನ ಮೂಗು ಹೇಗಿತ್ತು? ಕುಳ್ಳನೋ ಉದ್ದನೋ? ಹೇಳಲು ಒಂದು ನರಪಿಳ್ಳೆಯೂ ಉಳಿದಿಲ್ಲ. ಕ್ಷೌರ ಮಾಡುವವನನ್ನು ಕೂರಿಸಿ ಯಾರು ರೀ ಫೋಟೋ ತೆಗೀತಾರೆ?

ಈ ಮಿಸೆಸ್ ಪಾರ್ಕರ್‌ಗೂ ಒಂದು ಫೋಟೋ ಇತ್ತು. ಅವಳ ಹಾಸಿಗೆ ಪಕ್ಕದ ಕಪಾಟಿನ ಮೇಲೆ ಅವಳ ಅಮ್ಮ, ಹೊಸ ಕಾರಿಗೆ ಒರಗಿ ನಿಂತವಳು, ಕೂದಲು ಕಿವಿಯ ಮಟ್ಟಕ್ಕೆ. ಮುದುಕಿ ದಿನಾ ಹೇಳುವಳು: ಆಗ ಕಾಲ ಚೆನ್ನಾಗಿತ್ತು, ಅಪ್ಪ ಕಾರು ತಂದ, ಅಮ್ಮ ಹೋಗಿ ಗಂಡಸರ ಕ್ಷೌರದಂಗಡಿಯಲ್ಲಿ ಸಾಲಿನಲ್ಲಿ ನಿಂತು ಜಡೆ ಕತ್ತರಿಸಿಕೊಂಡು ಬಂದಳು, ಅಪ್ಪ ಒಂದು ತಿಂಗಳು ಮಾತು ಬಿಟ್ಟ. ದಿನಾ ಅದೇ ಕತೆ, ದಿನಾ ಅದೇ ನಗು. ಇಂದಿರಾ ಕತ್ತರಿ ಹಿಡಿದ ಮನೆಯವಳು, ಆ ಫೋಟೋದ ಕುತ್ತಿಗೆಯನ್ನೇ ನೋಡುವಳು. ನೆತ್ತಿಯ ಕೂದಲು ಉದ್ದ, ಕುತ್ತಿಗೆಯದು ಗಿಡ್ಡ, ಎಲ್ಲವೂ ಬಂದು ಒಂದೇ ಗೆರೆಯಲ್ಲಿ ನಿಂತಿದೆ. ಒಳ್ಳೆಯ ಕೈ ಅದು. ಈ ಬಿಳಿ ಮುದುಕಿಯ ಅಮ್ಮನ ಕುತ್ತಿಗೆಯೂ ಗಾಜಿನ ಹಿಂದೆ ಭದ್ರವಾಗಿದೆಯಲ್ಲಾ ಅಂತ ಸಂಕಟಪಟ್ಟುಕೊಂಡೇ ಗಾಜಿನ ಧೂಳು ಒರೆಸುವಳು.

ಫೋಟೋ ಇಲ್ಲದಿದ್ದರೆ ಏನಂತೆ, ಎರಡು ನಿಮಿಷ ಇದೆಯಲ್ಲ. ಇಂದಿರಾ ಅದನ್ನೇ ಹಿಡಿದುಕೊಂಡಳು. ಅಡುಗೆ ಮನೆಯಲ್ಲಿ ನಿಂತು ಮೊಬೈಲಿನಲ್ಲಿ ಸಮಯ ಹಿಡಿದು ಅಭ್ಯಾಸ ಮಾಡಿದಳು. ಈ ಊರಿನ ಕನ್ನಡದವರ ಮುಂದೆ ಹನ್ನೊಂದು ವರ್ಷದಲ್ಲಿ ಒಂದು ದಿನವೂ ಮೈಕು ಹಿಡಿದವಳಲ್ಲ. ಚಿತ್ರಾನ್ನ ಕಲಸಿದ್ದಾಳೆ, ಕುರ್ಚಿ ಜೋಡಿಸಿದ್ದಾಳೆ, ಕೋವಿಡ್ ಮುಗಿದ ಹೊಸದರಲ್ಲಿ ಸಲೂನುಗಳಲ್ಲಿ ವಾರಗಟ್ಟಲೆ ಸರತಿ ಇದ್ದಾಗ ಇವರ ಮಕ್ಕಳ ಕೂದಲೆಲ್ಲ ಕತ್ತರಿಸಿದ್ದಾಳೆ. ಅದೇ ಅವಳು ಮಾಡಿದ ತಪ್ಪು. ಎಲ್ಲರ ಜೊತೆ ಒಂದಾಗೋಣ ಅಂತ ಕತ್ತರಿ ಹಿಡಿದಳು, ಅವರು ಕತ್ತರಿಯನ್ನಷ್ಟೇ ನೆನಪಿಟ್ಟುಕೊಂಡರು.

ದೀಪದ ಚಿತ್ರ ನೋಡಿದ ತಕ್ಷಣ ಭಾರ್ಗವಿಗೆ ಫೋನ್ ಮಾಡಿದಳು. ಭಾರ್ಗವಿ ಬಳಗದ ಸಾಂಸ್ಕೃತಿಕ ಕಾರ್ಯದರ್ಶಿ. ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು. ಸೊಂಟ ಮುಟ್ಟುವ ಕೂದಲು. ಮಾತೋ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

"ಭಾರ್ಗವಿಯವ್ರೇ, ನಾನು ಬರ್ದಿದ್ದು ಅದಲ್ಲ."

"ಅಯ್ಯೋ ಇಂದಿರಾ, ಬೇಜಾರ್ ಮಾಡ್ಕೋಬೇಡಿ. ಆ ವರ್ಡ್ ಬೈಗುಳ ಅಲ್ವೇನ್ರೀ? ಮಕ್ಳೆಲ್ಲ ಇರ್ತಾರೆ."

"ಅದನ್ನ ಬೈಗುಳ ಮಾಡಿದ್ದು ನಾವಲ್ಲ. ಅದು ನಮ್ಮ ಮುತ್ತಾತನ ಕೆಲ್ಸ."

"ನಂಗೊತ್ತು ಕಣ್ರೀ. ಅದ್ಕೇ ರೆಸ್ಪೆಕ್ಟ್ ಇರ್ಲಿ ಅಂತ ಚೇಂಜ್ ಮಾಡಿದ್ದು. ಮೊನ್ನೆ ನೀವು ಬಾಯಲ್ಲಿ ಹೇಳಿದ ಸ್ಟೋರಿ ಕೇಳಿ ನಾನು ಅತ್ತೇಬಿಟ್ಟೆ. ನಿಜವಾದ ಸಮಾಜ ಸುಧಾರಕರು ಅವ್ರು! ಇಲ್ಲಿ ಬಂದ್ಮೇಲೂ ಜಾತಿಗೀತಿ ಯಾಕೆ ಹೇಳಿ? ಆಂ, ಇನ್ನೊಂದು. ನಿಮ್ಮ ಎರಡು ನಿಮಿಷದ್ದು ನಾನೇ ಬರ್ದಿಟ್ಟಿದ್ದೀನಿ, ಬದರಿನಾಥ್ ಅವ್ರೇ ಓದ್ತಾರೆ. ನೀವು ಗ್ರೀನ್ ರೂಮಲ್ಲಿ ಬೇಕು. ಎಂಟು ಜನ ಲೇಡೀಸ್‌ಗೆ ಆ ಕಾಲದ ಬಾಬ್ ಸ್ಟೈಲ್, ಅದೇ ಕಿವಿ ಮಟ್ಟದ ಕೂದಲು, ಮಾಡ್ಬೇಕು. ನಂಗಂತೂ ನಿಜವಾಗ್ಲೂ ಕಟ್ ಮಾಡ್ಬಿಡಿ, ಕೂದಲನ್ನ ಕ್ಯಾನ್ಸರ್ ಪೇಶಂಟ್ಸ್‌ಗೆ ಕೊಡ್ತೀನಿ. ನಿಮ್ಮಂಥ ಕೈ ಇದ್ದಾಗ ಸಲೂನ್ ಯಾಕೆ?"

ಆಗಲೇ ಆಗಲ್ಲ ಅನ್ನಬೇಕಿತ್ತು ಇಂದಿರಾ. ನಾಲಿಗೆ ತುದಿಗೆ ಬಂದಿತ್ತು. ಆದರೆ ಇಲ್ಲ ಅಂದರೆ ಆ ದೀಪದ ಚಿತ್ರವನ್ನೂ ಕಿತ್ತು ಹಾಕುತ್ತಾರೇನೋ ಅಂತ ಅಳುಕಿದಳು. "ಆಯ್ತು" ಅಂದಳು. ಫೋನು ಇಟ್ಟ ಮೇಲೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಮಾರಯ್ಯನ ಕತೆ ದೊಡ್ಡದೇನಲ್ಲ. ಇಂದಿರಾಗೆ ಅದನ್ನು ಹೇಳಿದವಳು ಅವಳ ಅಜ್ಜಿ. ಅಗ್ರಹಾರದ ಮೂವತ್ತು ಮನೆಗೆ ಮಾರಯ್ಯನ ಕತ್ತಿ. ವರ್ಷಕ್ಕೆ ಇಷ್ಟು ಅಂತ ಭತ್ತ ಅಳೆದು ಹಾಕುತ್ತಿದ್ದರು. ಹಿತ್ತಿಲಿಂದ ಬರಬೇಕು, ಹಿತ್ತಿಲಲ್ಲೇ ಕೂರಬೇಕು, ಕೆಲಸ ಮುಗಿದ ಮೇಲೆ ಹಿತ್ತಿಲಿಂದಲೇ ಹೋಗಬೇಕು. ಅವನು ಮುಟ್ಟಿದ ತಲೆಗೆ ಆಮೇಲೆ ಸ್ನಾನ. ಗಂಡ ಸತ್ತ ಹೆಂಗಸರ ತಲೆಯನ್ನೂ ಅವನೇ ಬೋಳಿಸಬೇಕು, ಅದೂ ಒಂದು ಸಲವಲ್ಲ, ಸಾಯುವ ತನಕ ತಿಂಗಳಿಗೊಮ್ಮೆ. ಇಪ್ಪತ್ತು ವರ್ಷ ಬೋಳಿಸಿದ. ಸಾವಿರದ ಒಂಬೈನೂರ ಇಪ್ಪತ್ತಾರನೇ ಇಸವಿಯಲ್ಲಿ ಒಂದು ಹುಡುಗಿಯನ್ನು ತಂದು ಕೂರಿಸಿದರು. ಹದಿನಾಲ್ಕು ತುಂಬಿರಲಿಲ್ಲ. ಇಬ್ಬರು ಹೆಂಗಸರು ರಟ್ಟೆ ಹಿಡಿದುಕೊಂಡಿದ್ದರು. ಮಾರಯ್ಯ ತಲೆಗೆ ನೀರು ಹಚ್ಚಿದ. ಕತ್ತಿ ಬಿಚ್ಚಿದ. ಆಮೇಲೆ ಮಡಿಸಿಬಿಟ್ಟ. "ಈ ಕೂಸಿನ ತಲೆ ನಾನು ಮುಟ್ಟಾಕಿಲ್ಲ ಬುದ್ಧೀ" ಅಂದ. ಕಂಬಕ್ಕೆ ಕಟ್ಟಿ ಹೊಡೆದರು. ಭತ್ತ ನಿಂತಿತು, ಬಾವಿಯ ನೀರು ನಿಂತಿತು. ಪಕ್ಕದ ಊರಿನ ಇನ್ನೊಬ್ಬನನ್ನು ಕರೆಸಿ ಅವತ್ತು ಸಂಜೆಯೇ ಹುಡುಗಿಯ ತಲೆ ಬೋಳಿಸಿಬಿಟ್ಟರು. ಮಾರಯ್ಯ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನಂಜನಗೂಡಿಗೆ ಬಂದ. ಒಂದು ಮಗು ದಾರಿಯಲ್ಲೇ ಹೋಯಿತು.

ಅಷ್ಟೇ ಕತೆ. ಇದರಲ್ಲಿ ಸೇವೆ ಎಲ್ಲಿ ಕಂಡರೋ ಇವರು!

ಆ ಶನಿವಾರ ಗಾಳಿ ಅಂದರೆ ಗಾಳಿ. ಸಮುದಾಯ ಭವನದ ಬಾಗಿಲು ಹಿಡಿದು ಎಳೆದರೂ ಮುಚ್ಚುತ್ತಿರಲಿಲ್ಲ. ಇಂದಿರಾ ಬೆಳಗಿನ ಪಾಳಿ ಮುಗಿಸಿ ನೇರ ಬಂದಿದ್ದಳು. ಕೂತು ಒಂದು ಲೋಟ ಕಾಫಿ ಕುಡಿಯಲಿಲ್ಲ. ಏಳು ಜನರ ಕೂದಲು ಮಡಿಸಿದಳು, ಪಿನ್ನು ಚುಚ್ಚಿದಳು, ಕಿವಿಯ ಪಕ್ಕ ಸುರುಳಿ ಮಾಡಿದಳು. ಮಣಿಸರದ, ಗರಿಗಳ ಹೆಂಗಸರು ಕನ್ನಡಿ ನೋಡಿ ಕಿಲಕಿಲ ನಕ್ಕು ಹೊರಗೆ ಹೋದರು. ಒಬ್ಬಳೂ ಥ್ಯಾಂಕ್ಸ್ ಅನ್ನಲಿಲ್ಲ ಅಂದರೆ ಸುಳ್ಳಾಗುತ್ತದೆ. ಎಲ್ಲರೂ ಅಂದರು. ಅಂದು ಹೋದರು.

ಕೊನೆಗೆ ಭಾರ್ಗವಿ ಬಂದು ಕುರ್ಚಿಯಲ್ಲಿ ಕೂತಳು. ಗೋಡೆಯಾಚೆ ಕಾರ್ಯಕ್ರಮ ಶುರುವಾಗಿತ್ತು. ಯಾರೋ ತಮ್ಮ ಅಮಲ್ದಾರ ಮುತ್ತಾತನ ಬಗ್ಗೆ ಮಾತಾಡುತ್ತಿದ್ದರು.

"ಇಂದಿರಾ, ಎಕ್ಸಾಕ್ಟ್ಲೀ ಹೀಗೇ ಬೇಕು ನಂಗೆ." ಭಾರ್ಗವಿ ಫೋನು ಮೇಲೆತ್ತಿದಳು. "ನಮ್ಮ ಮುತ್ತಜ್ಜಿಯ ಅಕ್ಕ, ತುಂಗಾ ಅಂತ. ಇಪ್ಪತ್ತಾರನೇ ಇಸವಿ, ಮೈಸೂರು ಸ್ಟುಡಿಯೋ. ಆ ಕಾಲದಲ್ಲೇ ಬಾಬ್ ಕಟ್! ಎಷ್ಟು ಮಾಡರ್ನ್ ನೋಡಿ. ನಂದೇ ಲಾಸ್ಟ್ ಸ್ಲೈಡು. ಸರ್‌ಪ್ರೈಸ್ ಅಂತ ಗ್ರೂಪಿಗೂ ಹಾಕಿಲ್ಲ. ನಿಮ್ಮದು ಮುಗಿದ ತಕ್ಷಣ."

ಇಂದಿರಾ ಫೋನು ಇಸಿದುಕೊಂಡಳು. ಕುರ್ಚಿಯಲ್ಲಿ ಕೂತ ಹುಡುಗಿ, ಕೈಯಲ್ಲಿ ಪುಸ್ತಕ, ಹಿಂದೆ ಹೂಕುಂಡ. ಮೊದಲು ಎಂದಿನ ಹಾಗೆ ಹೊಟ್ಟೆ ಉರಿಯಿತು. ಆಮೇಲೆ ಕೂದಲು ನೋಡಿದಳು. ಬೆರಳಲ್ಲಿ ಹಿಗ್ಗಿಸಿದಳು. ನೆತ್ತಿಯದು ಎಷ್ಟುದ್ದವೋ ಕಿವಿಯ ಮೇಲಿನದೂ ಅಷ್ಟೇ ಉದ್ದ. ಕುತ್ತಿಗೆಯ ಹತ್ತಿರವೂ ಅಷ್ಟೇ. ಎಲ್ಲೂ ಒಂದು ಗೆರೆ ಇಲ್ಲ, ಕತ್ತರಿ ಆಡಿದ ಗುರುತೇ ಇಲ್ಲ. ಒಂದೇ ದಿನ ಬಿತ್ತಿದ ಪೈರಿನ ಹಾಗೆ ಇಡೀ ತಲೆ ಒಟ್ಟಿಗೆ ಎದ್ದಿದೆ. ತಿಂಗಳಿಗೆ ಅರ್ಧ ಇಂಚು. ಆರು ತಿಂಗಳ ಬೆಳೆ. ಹಣೆ ನೋಡಿದಳು, ಬರಿದು. ಕತ್ತು ನೋಡಿದಳು, ಬರಿದು.

ಫೋನನ್ನು ಭಾರ್ಗವಿಯ ಕೈಗೆ ವಾಪಸು ಕೊಟ್ಟಳು.

"ಇದು ಬಾಬ್ ಅಲ್ಲ" ಅಂದಳು.

"ಅಂದ್ರೆ?"

"ಬೋಳಿಸಿದ ತಲೆ ಇದು. ಬೋಳಿಸೋದು ನಿಲ್ಸಿ ಆರು ತಿಂಗ್ಳಾಗಿದೆ. ಈ ಮಗು ಗಂಡ ಸತ್ತೋಳು."

ಭಾರ್ಗವಿ ನಕ್ಕಳು. ನಗು ಅರ್ಧಕ್ಕೆ ನಿಂತಿತು. ಕನ್ನಡಿಯಲ್ಲಿ ಇಬ್ಬರ ಕಣ್ಣೂ ಸೇರಿದವು. "ಏನೇನೋ ಹೇಳ್ಬೇಡಿ. ನಮ್ಮಮ್ಮ ಹೇಳಿದ್ದಾರೆ, ಅವ್ರು ತುಂಬಾ ಮುಂದುವರೆದೋರು ಅಂತ."

"ನಿಮ್ಮಮ್ಮಂಗೆ ಕೇಳಿ. ಕೂದಲಿನ ವಿಷ್ಯ ನಂಗೆ ಯಾರೂ ಹೇಳ್ಕೊಡಬೇಕಿಲ್ಲ."

ಭಾರ್ಗವಿಯ ಮುಖ ಕೆಂಪಾಯಿತು. "ಹಾಗೇ ಅಂದ್ಕೊಳ್ಳಿ. ಬೋಳಿಸಿದ್ದು ನಿಮ್ಮೋರೇ ತಾನೆ?"

"ಹೌದು. ಕತ್ತಿ ನಮ್ಮದು. ಹಿತ್ತಿಲು ನಿಮ್ಮದು. ರಟ್ಟೆ ಹಿಡಿದೋರು ನಿಮ್ಮೋರು. ನಿಮ್ಮೋರು ಫೋಟೋಕ್ಕೆ ಕೂತ್ರು, ನಮ್ಮೋರು ಕಂಬಕ್ಕೆ ಕಟ್ಟಿಸ್ಕೊಂಡ್ರು."

"ಸರಿ, ಆಮೇಲೆ ಮಾತಾಡೋಣ. ಟೈಮಿಲ್ಲ. ಈಗ ಕತ್ತರಿಸಿ."

ಇಂದಿರಾ ಕೈಯಲ್ಲಿ ಕತ್ತರಿ ಇತ್ತು. ಎದುರಿಗೆ ಆ ಕೂದಲು, ಕಪ್ಪಗೆ, ದಟ್ಟವಾಗಿ, ಕುರ್ಚಿಯ ಬೆನ್ನಿನ ಮೇಲೆ ಇಳಿಬಿದ್ದಿತ್ತು. ನಿಜ ಹೇಳಬೇಕೆಂದರೆ ಬುಡಕ್ಕೇ ಕತ್ತರಿ ಹಾಕಿಬಿಡುವ ಆಸೆ ಬಂತು. ಹಾಕಿದ್ದರೂ ಇವಳು ಎದ್ದು ಥ್ಯಾಂಕ್ಸ್ ಅನ್ನುತ್ತಿದ್ದಳು, ಸ್ಟೇಜಿಗೆ ಹೋಗಿ ಚಪ್ಪಾಳೆ ಗಿಟ್ಟಿಸುತ್ತಿದ್ದಳು. ಅದು ನೆನಪಾಗಿ ಮೈಯೆಲ್ಲ ಉರಿಯಿತು.

"ಕತ್ತರಿಸಲ್ಲ" ಅಂದಳು.

"ಏನಂದ್ರಿ?"

"ನಿಮ್ಮ ತಲೆ ನಾನು ಮುಟ್ಟಲ್ಲ."

ಕತ್ತರಿಯನ್ನು ಮೇಜಿನ ಮೇಲೆ ಇಟ್ಟಳು. ಭಾರ್ಗವಿ ಟವಲು ಕಿತ್ತೆಸೆದು ಎದ್ದಳು. "ನಾಲ್ಕು ಜನದ ಮುಂದೆ ಅವಮಾನ ಮಾಡ್ಬೇಕು ಅಂತಾನೇ ಕಾಯ್ತಿದ್ರಿ ಅಲ್ವಾ? ಎಷ್ಟು ಓದಿದ್ರೂ, ಎಷ್ಟು ದೂರ ಬಂದ್ರೂ ಆ ಬುದ್ಧಿ ಹೋಗಲ್ಲ ನೋಡಿ."

"ಯಾವ ಬುದ್ಧಿ?"

ಭಾರ್ಗವಿ ಕನ್ನಡಿಯ ಕಡೆ ತಿರುಗಿ ಕೂದಲು ಗಂಟು ಹಾಕತೊಡಗಿದಳು.

"ಹೇಳಿ ಭಾರ್ಗವಿಯವ್ರೇ. ಇಲ್ಲಿ ಜಾತಿಗೀತಿ ಇಲ್ಲ ಅಂದ್ರಲ್ಲ. ಯಾವ ಬುದ್ಧಿ?"

ಗೋಡೆಯಾಚೆ ಬದರಿನಾಥರ ದನಿ ಕೇಳಿತು. "ಮುಂದಿನ ಹಿರಿಯರು, ಶ್ರೀ ಮಾರಯ್ಯನವರು. ಮಹಾನ್ ಸಮಾಜ ಸೇವಕರು." ಇಂದಿರಾ ಬಾಗಿಲು ತಳ್ಳಿಕೊಂಡು ಹೊರಟಳು. ಎದೆ ಮೇಲಿನ ಏಪ್ರನ್ ಬಿಚ್ಚಲೂ ಇಲ್ಲ. ಮೂರು ಮೆಟ್ಟಿಲು ಹತ್ತಿ, ಓದುತ್ತಿದ್ದ ಬದರಿನಾಥರ ಪಕ್ಕ ನಿಂತು ಕೈ ಚಾಚಿದಳು.

"ಕೊಡಿ ಸಾರ್. ಇದು ನಂದು."

ಬದರಿನಾಥರು ಹಲ್ಲು ಕಿರಿದರು. ಇನ್ನೂರು ಜನ ನೋಡುತ್ತಿದ್ದರು. ಮೈಕು ಕೊಡದೆ ಬೇರೆ ದಾರಿ ಇರಲಿಲ್ಲ.

"ನನ್ನ ಹೆಸ್ರು ಇಂದಿರಾ. ಮಾರಯ್ಯ ನಮ್ಮ ಮುತ್ತಾತ. ಸಮಾಜ ಸೇವಕ ಅಲ್ಲ. ಹಜಾಮ. ಈ ಸಮಾಜಾನೇ ಅವನ ಕೈಲಿ ಸೇವೆ ಮಾಡಿಸ್ಕೊಳ್ತಿತ್ತು. ಮಾಡಿಸ್ಕೊಂಡು ಸ್ನಾನ ಮಾಡ್ತಿತ್ತು." ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. "ಅವನ ಫೋಟೋ ಇಲ್ಲ. ನಿಮ್ಮ ಫೋಟೋ ಎಲ್ಲಾ ನೋಡ್ದೆ. ಹೊಟ್ಟೆಕಿಚ್ಚಾಯ್ತು ನಂಗೆ. ಯಾಕಾಗ್ಬಾರ್ದು? ಆ ಪೇಟದ ಕೆಳಗಿರೋ ಗಡ್ಡ ಮೀಸೆ ನುಣ್ಣಗೆ ಮಾಡ್ದೋನು ಯಾರು? ನೀವು ಹೇಳೋ ಒಳ್ಳೇ ಕಾಲದಲ್ಲಿ ಅವನು ಹೆಂಗಸ್ರ ತಲೆ ಬೋಳಿಸ್ತಿದ್ದ. ಇಪ್ಪತ್ತು ವರ್ಷ ಬೋಳಿಸ್ದ. ಅದನ್ನೂ ಹೇಳ್ತೀನಿ, ಬಚ್ಚಿಡಲ್ಲ. ಒಂದಿನ ಹದಿನಾಲ್ಕು ತುಂಬದ ಕೂಸನ್ನ ತಂದು ಕೂರಿಸಿದ್ರು. ಇಬ್ರು ರಟ್ಟೆ ಹಿಡ್ಕೊಂಡಿದ್ರು. ಅವನು ಕತ್ತಿ ಮಡಿಸಿ..."

ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಭಾರ್ಗವಿಯ ತಾಯಿ ವಸುಂಧರಾ, ಮಗಳ ಮನೆಗೆ ಮೂರು ತಿಂಗಳಿಗೆ ಬಂದಿದ್ದವರು. ಎಪ್ಪತ್ತು ದಾಟಿದ ಹೆಂಗಸು. ಕುರ್ಚಿ ಹಿಡಿದುಕೊಂಡು ಎದ್ದು ನಿಂತರು.

"ನಮ್ಮ ತುಂಗಜ್ಜೀನೂ ಹಾಗೇ" ಅಂದರು. ಮೈಕಿಲ್ಲದೆಯೂ ಎಲ್ಲರಿಗೂ ಕೇಳಿತು. "ನಮ್ಮಜ್ಜಿಯ ಅಕ್ಕ. ಹದಿನಾರಕ್ಕೆ ಗಂಡ ಹೋದ. ಎರಡು ವರ್ಷ ಬೋಳಿಸಿದ್ರು. ಅಣ್ಣ ಜಗಳ ಆಡಿ ನಿಲ್ಲಿಸಿ, ಕೂದಲು ಬೆಳೆಸಿ, ಸ್ಕೂಲಿಗೆ ಸೇರಿಸಿದ. ಮಗಳ ಸ್ಲೈಡಲ್ಲಿ ಬರೋ ಫೋಟೋ ಆಗ ತೆಗೆಸಿದ್ದು. ನಾಚಿಕೆ ಆಗಿ ಮಗಳಿಗೆ ಸುಳ್ಳು ಹೇಳಿದ್ದೆ."

ಭವನವೆಲ್ಲ ಗುಜುಗುಜು. ಭಾರ್ಗವಿ ಗ್ರೀನ್ ರೂಮಿನಿಂದ ಓಡಿ ಬಂದು ಅಮ್ಮನನ್ನು ತಬ್ಬಿಕೊಂಡಳು. ಗರಿ ಮುಡಿದ ಹೆಂಗಸರು ಕಣ್ಣೊರೆಸಿಕೊಂಡರು. ಯಾರೋ ಚಪ್ಪಾಳೆ ಶುರು ಮಾಡಿದರು. ಫೋನುಗಳೆಲ್ಲ ಮೇಲೆದ್ದವು, ಎಲ್ಲವೂ ಮುಂದಿನ ಸಾಲಿನ ಕಡೆಗೆ. ಇಡೀ ಭವನ ಸ್ಟೇಜಿಗೆ ಬೆನ್ನು ತಿರುಗಿಸಿ ಎದ್ದು ನಿಂತಿತು. "ಅದೇ ಹುಡುಗೀನೇ ಇರ್ಬೇಕು! ಎಂಥಾ ಯೋಗಾಯೋಗ ನೋಡಿ!" ಅಂತ ಬದರಿನಾಥರು ಕುಣಿದಾಡಿಬಿಟ್ಟರು.

"ಅದೇ ಹುಡುಗಿ ಅಲ್ಲ ಸಾರ್" ಅಂದಳು ಇಂದಿರಾ. "ಆ ಕೂಸಿನ ಹೆಸರು ಯಾರಿಗೂ ಗೊತ್ತಿಲ್ಲ."

ಬದರಿನಾಥರಿಗೆ ಅದು ಕಿವಿಗೆ ಬೀಳಲಿಲ್ಲ. ದೀಪದ ಸ್ಲೈಡು ಹೋಗಿ ಪರದೆ ತುಂಬ ತುಂಗಾ ಬಂದಳು. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಇಂದಿರಾ ಆ ಹುಡುಗಿಯ ಮುಖ ನೋಡಿದಳು. ಪಾಪ ಅನ್ನಿಸಿತು. ಅದರ ಜೊತೆಗೇ ಹೊಟ್ಟೆಯೂ ಉರಿಯಿತು. ಅಳುವುದಕ್ಕೂ ಇವರಿಗೊಂದು ಮುಖ ಇದೆ. ಮಾರಯ್ಯ ಕತ್ತಿ ಮಡಿಸಿದ ಕಡೆಯೇ ನಿಂತಿದ್ದಾನೆ. ಅವನನ್ನು ಕಂಬಕ್ಕೆ ಕಟ್ಟಿದ್ದು, ಬಾವಿ ನಿಲ್ಲಿಸಿದ್ದು, ದಾರಿಯಲ್ಲಿ ಸತ್ತ ಮಗು, ಒಂದೂ ಈ ಜನರ ಕಿವಿಗೆ ಬಿದ್ದಿಲ್ಲ.

"ಇಂದಿರಾ ಅವ್ರೇ, ಮೈಕ್ ಕೊಡಿ, ಮೈಕ್ ಕೊಡಿ. ಆಂಟಿ ಮಾತಾಡ್ಲಿ." ಬದರಿನಾಥರು ಮೈಕಿಗೆ ಕೈ ಹಾಕಿದರು.

ಇಂದಿರಾ ಕೈ ಬಿಡಲಿಲ್ಲ. ಅವರು ಎಳೆದರು. ಹನ್ನೊಂದು ವರ್ಷ ಮೈಗಳನ್ನು ಎತ್ತಿದ ಕೈ ಅದು, ಅವರ ಕೈಗೆ ಬಗ್ಗಲಿಲ್ಲ. ಮೈಕನ್ನು ಬಾಯಿಗೆ ಹತ್ತಿರ ತಂದುಕೊಂಡಳು.

"ವಸುಂಧರಾ ಆಂಟಿ, ನಿಮ್ಮ ಸರದಿ ಇದಾದ್ಮೇಲೆ. ಎಲ್ಲಾರೂ ಕೂತ್ಕೊಳ್ಳಿ. ಹಜಾಮರ ಮಾರಯ್ಯನ ಎರಡು ನಿಮಿಷ ಇನ್ನೂ ಮುಗ್ದಿಲ್ಲ."